ಮೂರು ಬೆಕ್ಕು, ವಾರಕ್ಕೆ ಒಂದು ಶಿಲ್ಲಿಂಗ್

ಇವತ್ತಿನ ಎಪಿಸೋಡ್ ಶುರುವಾಗೋದು ನನ್ನ ಅಡುಗೆಮನೆಯಲ್ಲಿ. ಅಲ್ಲಿಂದ 1868ರ ಲಂಡನ್ನಿಗೆ ಹೋಗಿ, ಅಮೆರಿಕದ ಪ್ರಯೋಗಾಲಯಗಳಲ್ಲಿ ಒಂದು ಸುತ್ತು ಹಾಕಿ, ವಾಪಸ್ ಅದೇ ಅಡುಗೆಮನೆಗೆ ಬರ್ತೀವಿ.

ನಮ್ಮನೆ ಬೆಕ್ಕಿನ ಹೆಸರು ಸುಬ್ಬಿ. ವಯಸ್ಸು ನಾಲ್ಕು, ತೂಕ ಐದೂವರೆ ಕೆಜಿ. ಬೆಂಗಳೂರಿನ ಎರಡನೇ ಮಹಡಿಯ ಬಾಡಿಗೆ ಮನೆ ಬಿಟ್ಟು ಹೊರಗೆ ಕಾಲಿಟ್ಟವಳಲ್ಲ. ಪ್ಯಾಕೆಟ್‌ನಲ್ಲಿ ಕಾಳು ಕಾಳಾಗಿ ಬರುತ್ತಲ್ಲ ಒಣ ಆಹಾರ, ಮರಿಯಿಂದ ಅದರಲ್ಲಿ ಒಂದೇ ಬಗೆ ತಿಂದು ಬೆಳೆದವಳು. ಕಳೆದ ವರ್ಷ ಬೇರೆ ಪ್ಯಾಕೆಟ್ ಆಫರ್‌ನಲ್ಲಿ ಸಿಕ್ತು. ನಾನು ಬಿಕಾಂ ಓದಿದವನು. ಕೆಜಿಗೆ ಎಷ್ಟು ಉಳೀತು ಅಂತ ಲೆಕ್ಕ ಹಾಕಿ, ಖುಷಿಯಿಂದ ಏಳು ಕೆಜಿ ಚೀಲ ಹೊತ್ತು ತಂದೆ. ಸುಬ್ಬಿ ಬಂದಳು, ಮೂಸಿದಳು, ಗಲೀಜು ಮುಚ್ಚುವ ಹಾಗೆ ತಟ್ಟೆಯ ಸುತ್ತ ನೆಲ ಕೆರೆದಳು, ಹೊರಟೇಹೋದಳು.

ತಿಪಟೂರಿನ ಹತ್ತಿರದ ಹಳ್ಳಿಯಲ್ಲಿರೋ ಅಜ್ಜಿಗೆ ಫೋನ್ ಮಾಡಿದೆ. "ಹಸಿವಾದ್ರೆ ತಾನೇ ತಿನ್ನುತ್ತೆ ಬಿಡೋ. ನಮ್ಮ ಕರಿಯ ಬರೀ ಹಾಲನ್ನ ತಿಂದು ಹದಿನಾಲ್ಕು ವರ್ಷ ಬದುಕಲಿಲ್ವಾ?" ಅಂದ್ರು. ಸರಿ ಅಂತ ಹಾಲನ್ನ ಕಲಸಿಟ್ಟೆ. ಅದರ ಸುತ್ತಲೂ ನೆಲ ಕೆರೆದಳು. ಅವಳಿಗೂ ಹಠ, ನನಗೂ ಹಠ. ಎರಡು ದಿನ ಹೀಗೇ ಕಳೀತು. ಮೂರನೇ ದಿನ ಬೆಳಿಗ್ಗೆ ಸುಬ್ಬಿ ಮಂಚದ ಕೆಳಗಿಂದ ಹೊರಗೇ ಬರಲಿಲ್ಲ. ಕರೆದರೆ ಕಿವಿ ಮಾತ್ರ ಅಲುಗಿತು.

ಪಶುವೈದ್ಯರು ನನ್ನ ಕಥೆ ಕೇಳಿ ಬೈಯಲಿಲ್ಲ, ಆದ್ರೆ ಬೈದಿದ್ರೇ ಚೆನ್ನಾಗಿತ್ತು. ಬೆಕ್ಕು ಕೆಲವು ದಿನ ಏನೂ ತಿನ್ನದಿದ್ದರೆ ಮೈಯಲ್ಲಿರೋ ಕೊಬ್ಬೆಲ್ಲ ಯಕೃತ್ತಿಗೆ ಬಂದು ಸೇರಿಕೊಳ್ಳುತ್ತೆ. ಯಕೃತ್ತು ಅದನ್ನ ನಿಭಾಯಿಸಲಾರದೆ ಕೈ ಚೆಲ್ಲುತ್ತೆ. ದಪ್ಪ ಇರೋ ಬೆಕ್ಕಿಗೆ ಅಪಾಯ ಇನ್ನೂ ಜಾಸ್ತಿ. ಒಂದು ಇಡೀ ದಿನ ತಿನ್ನಲಿಲ್ಲ ಅಂದ್ರೆ ಫೋನ್ ಮಾಡಿ, ಹಸಿದು ದಾರಿಗೆ ಬರ್ಲಿ ಅಂತ ಕಾಯಬೇಡಿ ಅಂದ್ರು. ಡ್ರಿಪ್ ಹಾಕಿದ್ರು. ಅದೃಷ್ಟಕ್ಕೆ ಸುಬ್ಬಿ ಉಳಿದಳು.

ಆದ್ರೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳೀತು. ಅಜ್ಜಿ ಸುಳ್ಳು ಹೇಳೋರಲ್ಲ. ಹಾಲನ್ನ ತಿಂದು ಕರಿಯ ಹದಿನಾಲ್ಕು ವರ್ಷ ಬದುಕಿದ್ದು ಹೇಗೆ?

ಉತ್ತರ ನನಗೆ ಸಿಕ್ಕಿದ್ದು ಲಂಡನ್ನಿನ ಅಂಚೆ ಇಲಾಖೆಯ ಹಳೇ ಕಡತದ ಕಥೆಯಲ್ಲಿ. 1868ರಲ್ಲಿ ಅಲ್ಲಿನ ಮನಿ ಆರ್ಡರ್ ಕಚೇರಿಯಲ್ಲಿ ಇಲಿಗಳ ಕಾಟ ವಿಪರೀತವಾಗಿತ್ತು. ಮೂರು ಬೆಕ್ಕು ಇಟ್ಕೋತೀವಿ, ಅವುಗಳ ಊಟಕ್ಕೆ ವಾರಕ್ಕೆ ಎರಡು ಶಿಲ್ಲಿಂಗ್ ಕೊಡಿ ಅಂತ ಅಧಿಕಾರಿ ಮೇಲಿನವರಿಗೆ ಬರೆದರು. ಮೇಲಿನವರು ಒಂದೇ ಶಿಲ್ಲಿಂಗ್ ಮಂಜೂರು ಮಾಡಿದರು. ಒಂದು ಶಿಲ್ಲಿಂಗ್ ಅಂದ್ರೆ 12 ಪೆನ್ಸ್, ತಲೆಗೆ ವಾರಕ್ಕೆ ನಾಲ್ಕು ಪೆನ್ಸ್. ಜೊತೆಗೆ ಷರತ್ತು: ಹೆಚ್ಚು ತಿನ್ನಿಸಬಾರದು, ಸಂಬಳದ ಬಾಕಿ ಭಾಗವನ್ನ ಬೆಕ್ಕುಗಳು ಇಲಿಗಳ ರೂಪದಲ್ಲಿ ತಾವೇ ಸಂಪಾದಿಸಬೇಕು, ಆರು ತಿಂಗಳಲ್ಲಿ ಇಲಿ ಕಡಿಮೆಯಾಗದಿದ್ದರೆ ಭತ್ಯೆ ಇನ್ನೂ ಕಡಿತ.

ಓದಿ ಮೊದಲು ನಕ್ಕೆ. ಪ್ರೊಬೇಷನ್, ಬೇಸಿಕ್ ಪೇ, ಇನ್ಸೆಂಟಿವ್, ಎಲ್ಲ ಇದೆ! ಆಮೇಲೆ ನಗು ನಿಂತಿತು. ಆ ಒಂದು ಶಿಲ್ಲಿಂಗ್ ಇಡೀ ಊಟ ಅಲ್ಲ, ಊಟದ ಒಂದು ಪಾಲು ಮಾತ್ರ. ದೊಡ್ಡ ಪಾಲು ಗೋಡೆಯ ಸಂದಿಯಲ್ಲಿ ಓಡಾಡ್ತಿತ್ತು.

ಮನುಷ್ಯ ಮತ್ತು ಬೆಕ್ಕಿನ ಒಪ್ಪಂದ ಶುರುವಿನಿಂದಲೂ ಇದೇ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದೆ ಒಬ್ಬ ಮನುಷ್ಯನ ಪಕ್ಕದಲ್ಲೇ ಒಂದು ಬೆಕ್ಕನ್ನ ಹೂತಿದ್ದರು. ಅದು ಬೇಸಾಯ ಆಗಷ್ಟೇ ಬೇರೂರುತ್ತಿದ್ದ ಕಾಲ. ಧಾನ್ಯ ಕೂಡಿಟ್ಟರೆ ಇಲಿ ಬರುತ್ತೆ, ಇಲಿ ಬಂದರೆ ಬೆಕ್ಕು ಬರುತ್ತೆ. ನಾವು ಕೊಟ್ಟಿದ್ದು ಜಾಗ. ಊಟ ಅದರದ್ದೇ ಜವಾಬ್ದಾರಿ.

ಲಂಡನ್ನಿನಂಥ ದೊಡ್ಡ ನಗರದಲ್ಲಿ ಈ ಒಪ್ಪಂದ ನಿಧಾನಕ್ಕೆ ಬದಲಾಯ್ತು. 1851ರ ಸುಮಾರಿಗೆ ಹೆನ್ರಿ ಮೇಹ್ಯೂ ಅನ್ನೋ ಪತ್ರಕರ್ತ ಲಂಡನ್ನಿನ ಬೀದಿ ವ್ಯಾಪಾರಿಗಳ ಬಗ್ಗೆ ಬರೆದಾಗ, ಬೆಕ್ಕು ನಾಯಿಗಳಿಗೆ ಮಾಂಸ ಮಾರೋರ ಬಗ್ಗೆಯೂ ಬರೆದ. ಸತ್ತ, ಮುದಿಯಾದ ಕುದುರೆಗಳ ಮಾಂಸವನ್ನ ಬೇಯಿಸಿ, ಕಡ್ಡಿಗೆ ಚುಚ್ಚಿ, ಮನೆ ಮನೆಗೆ ಕೊಡೋರು. ಅಂಥ ವ್ಯಾಪಾರಿಗಳು ಸಾವಿರದಷ್ಟಿದ್ದಾರೆ, ನಗರದಲ್ಲಿ ಮೂರು ಲಕ್ಷ ಬೆಕ್ಕುಗಳಿವೆ ಅನ್ನೋದು ಅವನ ಅಂದಾಜು. ಆದರೂ ಅದು ಮಾಂಸವೇ, ಮತ್ತು ಬೆಕ್ಕುಗಳಿಗೆ ಬೀದಿ ಬಾಗಿಲು ತೆರೆದೇ ಇತ್ತು.

20ನೇ ಶತಮಾನದಲ್ಲಿ ಡಬ್ಬಿ ಆಹಾರ ಬಂತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದಲ್ಲಿ ತಗಡಿಗೆ ರೇಷನ್ ಆದಾಗ ಒಣ ಆಹಾರಕ್ಕೆ ಬೇಡಿಕೆ ಏರಿತು. 1950ರ ದಶಕದಲ್ಲಿ, ಬೆಳಗಿನ ತಿಂಡಿಯ ಸೀರಿಯಲ್ ಮಾಡೋ ಯಂತ್ರದ ತಂತ್ರವನ್ನೇ ಬಳಸಿ ಹಿಟ್ಟನ್ನ ಒತ್ತಿ ಉಬ್ಬಿಸಿ ಪ್ರಾಣಿಗಳಿಗೆ ಕಾಳು ಮಾಡೋಕೆ ಶುರು ಮಾಡಿದ್ರು. ಅದೇ ಹೊತ್ತಿಗೆ ಬೆಕ್ಕಿನ ಮರಳಿನ ತಟ್ಟೆಯೂ ಬಂದಿತ್ತು. ಬೆಕ್ಕು ಮನೆಯೊಳಗೇ ಉಳೀತು. ಸಾವಿರಾರು ವರ್ಷಗಳಲ್ಲಿ ಮೊದಲ ಸಲ, ಅಷ್ಟೊಂದು ಬೆಕ್ಕುಗಳ ಪೂರ್ತಿ ಊಟ ಮನುಷ್ಯನ ಕೈಗೆ ಬಂತು. ನಾವು ತಪ್ಪು ಮಾಡಿದರೆ ಸರಿಮಾಡ್ಕೊಳ್ಳೋಕೆ ಅದಕ್ಕೆ ಗೋಡೆಯ ಸಂದಿ ಇರಲಿಲ್ಲ.

ಮತ್ತು ನಾವು ತಪ್ಪು ಮಾಡಿದ್ವಿ. 1975ರಲ್ಲಿ ಅಮೆರಿಕದ ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಪ್ರೋಟೀನ್‌ಗೆ ಬರೀ ಕೇಸಿನ್ ಕೊಟ್ಟು ಸಾಕಿದ ಬೆಕ್ಕುಗಳ ಕಣ್ಣಿನ ರೆಟಿನಾ ಹಾಳಾಗ್ತಿತ್ತು. ಕೇಸಿನ್ ಅಂದ್ರೆ ಹಾಲಿನ ಪ್ರೋಟೀನ್, ಗಮನಿಸಿ. ಕಾರಣ ಟಾರಿನ್ ಅನ್ನೋ ಪದಾರ್ಥದ ಕೊರತೆ. ಇದು ಮಾಂಸ, ಮೀನಿನಲ್ಲಿ ಧಾರಾಳವಾಗಿರುತ್ತೆ, ಅಕ್ಕಿ ಬೇಳೆಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ನಮ್ಮ ದೇಹ ಅದನ್ನ ತಾನೇ ತಯಾರಿಸ್ಕೊಳ್ಳುತ್ತೆ, ಬೆಕ್ಕಿನ ದೇಹಕ್ಕೆ ಸಾಕಷ್ಟು ಮಾಡ್ಕೊಳ್ಳೋಕೆ ಬರಲ್ಲ. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಪಾಲ್ ಪಯನ್ ಮತ್ತು ಸಂಗಡಿಗರು ಇನ್ನೊಂದು ಆಘಾತ ಕೊಟ್ಟರು. ಅಂಗಡಿಯ ಆಹಾರ ತಿನ್ನೋ ಬೆಕ್ಕುಗಳ ಹೃದಯ ಹಿಗ್ಗಿ ಸೋಲ್ತಾ ಇತ್ತಲ್ಲ, ಅದಕ್ಕೂ ಟಾರಿನ್ ಕೊರತೆಯೇ ಕಾರಣ. ಟಾರಿನ್ ಕೊಟ್ಟಾಗ ಹೃದಯ ಚೇತರಿಸಿಕೊಂಡಿತು. ಕಂಪನಿಗಳು ಆಹಾರದಲ್ಲಿ ಟಾರಿನ್ ಹೆಚ್ಚಿಸಿದವು, ಆ ಕಾಯಿಲೆ ತುಂಬಾ ಕಡಿಮೆಯಾಯ್ತು. ಆದ್ರೆ ಅಷ್ಟರೊಳಗೆ ಎಷ್ಟೋ ಬೆಕ್ಕುಗಳು ತುಂಬಿದ ತಟ್ಟೆಯ ಮುಂದೆಯೇ ಸತ್ತಿದ್ದವು.

ಮತ್ತೆ ಅಜ್ಜಿಗೆ ಫೋನ್ ಮಾಡಿದೆ. "ಅಜ್ಜಿ, ಕರಿಯ ಹಾಲನ್ನ ಬಿಟ್ಟು ಬೇರೇನು ತಿಂತಿತ್ತು?"

"ಬೇರೇನು ಅಂದ್ರೆ? ಅಟ್ಟದ ತುಂಬ ಕೊಬ್ಬರಿ, ಕೆಳಗೆ ರಾಗಿ ಮೂಟೆ. ಇಲಿಗೆ ಬರ ಇತ್ತಾ? ಬೆಳಿಗ್ಗೆ ಎದ್ರೆ ಹಿತ್ತಲಲ್ಲಿ ಬಾಲ ಬಿದ್ದಿರೋದು. ಹಲ್ಲಿ, ಓತಿಕ್ಯಾತ, ಏನೂ ಬಿಡ್ತಿರಲಿಲ್ಲ. ನಾನೆಲ್ಲಿ ಸಾಕಿದ್ನೋ ಅದನ್ನ, ಅದರ ಪಾಡಿಗೆ ಅದಿತ್ತು."

ಅಂದ್ರೆ ತೆಂಗಿನ ಚಿಪ್ಪಿನಲ್ಲಿ ಅಜ್ಜಿ ಇಡ್ತಿದ್ದ ಹಾಲನ್ನ ನಮ್ಮ ಮನೆಯ ಒಂದು ಶಿಲ್ಲಿಂಗ್. ಅಟ್ಟದ ಇಲಿಗಳು ಬಾಕಿ ಸಂಬಳ. ಅಜ್ಜಿ ಹೇಳಿದ್ದು ಅವರ ಮನೆಗೆ ನಿಜ. ನಾನು ಆ ಮಾತನ್ನ ಎರಡನೇ ಮಹಡಿಗೆ ತಂದು ಹಾಕಿದ್ದು ನನ್ನ ತಪ್ಪು.

ಹಾಗಾದ್ರೆ ಸುಬ್ಬಿಯದ್ದು ಹಠವಾ? ಸ್ವಲ್ಪ ಅದೂ ಇರಬಹುದು. ಆದ್ರೆ ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತೇ ಆಗಲ್ಲ, ಅದಕ್ಕೆ ಬೇಕಾದ ಒಂದು ಜೀನ್ ಕೆಲಸ ಮಾಡ್ತಿಲ್ಲ ಅಂತ 2005ರಲ್ಲಿ ಪತ್ತೆಯಾಯ್ತು. ಮರಿಯಲ್ಲಿ ಒಂದೇ ರುಚಿ ತಿಂದ ಬೆಕ್ಕು ಹೊಸದನ್ನ ಅನುಮಾನದಿಂದ ನೋಡೋದು ಸಾಮಾನ್ಯ. ಆಗಷ್ಟೇ ಹಿಡಿದ ಇಲಿ ಬೆಚ್ಚಗಿರುತ್ತೆ, ಫ್ರಿಜ್‌ನಿಂದ ತೆಗೆದದ್ದು ತಣ್ಣಗೆ, ವಾಸನೆಯೇ ಇಲ್ಲದೆ ಇರುತ್ತೆ.

ಈಗ ನಮ್ಮನೇಲಿ ಹಳೇ ಕಾಳಿಗೆ ಹೊಸದನ್ನ ದಿನಕ್ಕೊಂದು ಚಮಚದಂತೆ ಬೆರೆಸ್ತೀನಿ. ಡಬ್ಬಿಯದ್ದಾದ್ರೆ ಉಗುರುಬೆಚ್ಚಗೆ ಮಾಡಿ, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಇಡ್ತೀನಿ. ತಟ್ಟೆ ತುಂಬಿದ್ದೇ ಉಳಿದ್ರೆ ಗಡಿಯಾರ ನೋಡ್ತೀನಿ. ಏಳು ಕೆಜಿ ಚೀಲ ಮುಗಿಯೋಕೆ ನಾಲ್ಕು ತಿಂಗಳು ಹಿಡೀತು. ಆಫರ್‌ನಲ್ಲಿ ಉಳಿದ ದುಡ್ಡಿಗಿಂತ ಡ್ರಿಪ್ಪಿನ ಬಿಲ್ಲೇ ಜಾಸ್ತಿ ಆಗಿತ್ತು, ಆ ಲೆಕ್ಕ ನಿಮಗೆ ಹೇಳಲ್ಲ.

ನಿಮ್ಮ ಮನೆ ಬೆಕ್ಕಿಗೆ ನಿಮ್ಮ ಅಜ್ಜಿ ಏನು ಹಾಕ್ತಿದ್ರು? ಫೋನ್ ಮಾಡಿ ಕೇಳಿ. ಜೊತೆಗೆ, ಅವರು ಹಾಕದೇ ಇದ್ದದ್ದು ಏನೇನು ತಿಂತಿತ್ತು ಅಂತಲೂ ಕೇಳಿ. ಮುಂದಿನ ವಾರ ಸಿಗೋಣ.