ಕನ್ನಡ ರಾಜ್ಯೋತ್ಸವ: ಮೊಳಕಾಲ್ಮೂರು–ಚಳ್ಳಕೆರೆ ಗಡಿಸೀಮೆ

ಕನ್ನಡ ರಾಜ್ಯೋತ್ಸವವು ಕರ್ನಾಟಕ ರಾಜ್ಯ ರೂಪುಗೊಂಡ ದಿನದ ಸಾರ್ವಜನಿಕ ಆಚರಣೆ. ಪ್ರತಿ ವರ್ಷ ನವೆಂಬರ್ 1ರಂದು ರಾಜ್ಯದಾದ್ಯಂತ ನಡೆಯುತ್ತದೆ. ಚಿತ್ರದುರ್ಗ ಜಿಲ್ಲೆಯ ಈಶಾನ್ಯ ಮೂಲೆಯ ಮೊಳಕಾಲ್ಮೂರು ಮತ್ತು ಚಳ್ಳಕೆರೆ ತಾಲ್ಲೂಕುಗಳಲ್ಲಿ, ಅಂದರೆ ಕೊಂಡ್ಲಹಳ್ಳಿ, ಬಿ.ಜಿ.ಕೆರೆ, ರಾಂಪುರ, ತಳುಕು, ನಾಯಕನಹಟ್ಟಿ, ಪರಶುರಾಂಪುರದ ಬಯಲುಸೀಮೆಯಲ್ಲಿ, ಈ ಹಬ್ಬದ ಇತಿಹಾಸವನ್ನು ಕೊಂಚ ಬೇರೆಯಾಗಿ ಹೇಳಬೇಕಾಗುತ್ತದೆ. ಇಲ್ಲಿನ ನಾಡಗಡಿ ತೀರ್ಮಾನವಾದದ್ದು 1956ರ ನವೆಂಬರ್ 1ರಂದಲ್ಲ. ಅದಕ್ಕೆ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು.

ಗಡಿಯ ಹುಟ್ಟು

ಈ ಸೀಮೆಯ ಗಡಿಗೆರೆಗೆ ಭಾಷೆ ಮೂಲವಲ್ಲ, ಯುದ್ಧಾನಂತರದ ಹಂಚಿಕೆ ಮೂಲ. 1779ರಲ್ಲಿ ಚಿತ್ರದುರ್ಗದ ನಾಯಕರ ಆಳ್ವಿಕೆಯನ್ನು ಹೈದರಾಲಿ ಕೊನೆಗಾಣಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚಿತ್ರದುರ್ಗ ಸೀಮೆ ಮೈಸೂರಿನ ಒಡೆಯರ ಪಾಲಿಗೆ ಬಂತು. ಬಳ್ಳಾರಿ, ರಾಯದುರ್ಗದ ಕಡೆಯ ನಾಡು ಹೈದರಾಬಾದಿನ ನಿಜಾಮನ ಕೈಸೇರಿ, 1800ರಲ್ಲಿ ಅವನಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಹೀಗೆ ಮೊಳಕಾಲ್ಮೂರು ಮೈಸೂರು ಸಂಸ್ಥಾನದ ಉತ್ತರದ ತುದಿಯಾಗಿ, ಮದರಾಸು ಪ್ರಾಂತದೊಳಕ್ಕೆ ಚಾಚಿಕೊಂಡ ನೆಲವಾಗಿ ಉಳಿಯಿತು. ಅದರ ಉತ್ತರಕ್ಕೆ ಬಳ್ಳಾರಿ, ಪಶ್ಚಿಮಕ್ಕೆ ಕೂಡ್ಲಿಗಿ ಮತ್ತು ಸಂಡೂರಿನ ಕಡೆಯ ಸೀಮೆ, ಪೂರ್ವಕ್ಕೆ ರಾಯದುರ್ಗ. ಮೈಸೂರಿನ ನೆಲ ಅಂಟಿಕೊಂಡಿದ್ದದ್ದು ದಕ್ಷಿಣದ ಚಳ್ಳಕೆರೆಯ ಕಡೆ ಮಾತ್ರ. ತುಮಕೂರು ಜಿಲ್ಲೆಯ ಪಾವಗಡದ ಸ್ಥಿತಿಯೂ ಇದಕ್ಕೆ ಹತ್ತಿರವಾದದ್ದೇ.

ಸುಮಾರು ಒಂದೂವರೆ ಶತಮಾನ ಈ ಗೆರೆಯ ಎರಡು ಬದಿಗೆ ಎರಡು ಆಡಳಿತಗಳಿದ್ದವು. ಕಂದಾಯದ ಪದ್ಧತಿ ಬೇರೆ, ಕಚೇರಿ ಬೇರೆ. ಜನಜೀವನ ಮಾತ್ರ ಒಂದೇ ಆಗಿತ್ತು. ಸಂತೆ, ಜಾತ್ರೆ, ಹೆಣ್ಣು ಕೊಡುವುದು ತರುವುದು ಗೆರೆಯನ್ನು ಲೆಕ್ಕಿಸದೆ ನಡೆದವು. ವೇದಾವತಿ ನದಿ ಇಂದಿಗೂ ಚಳ್ಳಕೆರೆ ತಾಲ್ಲೂಕನ್ನು ದಾಟಿ ಆಂಧ್ರದೊಳಕ್ಕೆ ಹರಿದು, ಹಗರಿ ಎಂಬ ಹೆಸರಿನಲ್ಲಿ ಮತ್ತೆ ಬಳ್ಳಾರಿ ಸೀಮೆಗೆ ಬಂದು ತುಂಗಭದ್ರೆಯನ್ನು ಸೇರುತ್ತದೆ.

1953ರ ಅಕ್ಟೋಬರ್ 1

ಕರ್ನಾಟಕ ಏಕೀಕರಣದ ಚರಿತ್ರೆಯನ್ನು ಸಾಮಾನ್ಯವಾಗಿ ಧಾರವಾಡದಿಂದ ಆರಂಭಿಸುವುದು ವಾಡಿಕೆ. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘ, ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’, 1915ರ ಕನ್ನಡ ಸಾಹಿತ್ಯ ಪರಿಷತ್ತು, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ ಇವು ಅದರ ಮುಖ್ಯ ಮಜಲುಗಳು. ಬಳ್ಳಾರಿ ಜಿಲ್ಲೆಯ ಪ್ರಶ್ನೆ ಇವುಗಳ ಜೊತೆಗೇ ಬೆಳೆದು ಬಂದರೂ ಅದಕ್ಕೆ ತನ್ನದೇ ಜಟಿಲತೆಯಿತ್ತು. 1920ರ ನಾಗಪುರ ಅಧಿವೇಶನದ ನಂತರ ಕಾಂಗ್ರೆಸ್ ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಆಧಾರದ ಮೇಲೆ ಕಟ್ಟಲು ಹೊರಟಾಗ, ಕನ್ನಡ ಮತ್ತು ತೆಲುಗು ಸಮಿತಿಗಳೆರಡೂ ಈ ಜಿಲ್ಲೆಯನ್ನು ಕೇಳಿದವು. ಎನ್.ಸಿ. ಕೇಳ್ಕರ್ ಅವರ ಮಧ್ಯಸ್ಥಿಕೆಯಲ್ಲಿ ಜಿಲ್ಲೆಯನ್ನು ಹಂಚಲಾಯಿತು. ಮೂವತ್ತು ವರ್ಷಗಳ ನಂತರದ ಸರ್ಕಾರಿ ಹಂಚಿಕೆ ಬಹುಮಟ್ಟಿಗೆ ಅದೇ ಜಾಡಿನಲ್ಲಿ ಸಾಗಿತು.

1952ರ ಡಿಸೆಂಬರ್ 15ರಂದು, ಪ್ರತ್ಯೇಕ ಆಂಧ್ರ ರಾಜ್ಯಕ್ಕಾಗಿ ಉಪವಾಸ ಕೂತಿದ್ದ ಪೊಟ್ಟಿ ಶ್ರೀರಾಮುಲು ಪ್ರಾಣ ಬಿಟ್ಟರು. ಕೆಲವೇ ದಿನಗಳಲ್ಲಿ ಆಂಧ್ರ ರಾಜ್ಯ ರಚನೆಯ ಘೋಷಣೆ ಬಂತು. ಹೊಸ ರಾಜ್ಯದ ಆಡಳಿತ ವ್ಯವಸ್ಥೆಯನ್ನು ಪರಿಶೀಲಿಸಿದ ನ್ಯಾಯಮೂರ್ತಿ ಕೆ.ಎನ್. ವಾಂಛೂ ಅವರ ವರದಿಯ ನಂತರ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಎಂದಾಯಿತು. ಹಡಗಲಿ, ಹರಪನಹಳ್ಳಿ, ಹೊಸಪೇಟೆ, ಕೂಡ್ಲಿಗಿ, ಸಂಡೂರು, ಸಿರುಗುಪ್ಪ ಮೈಸೂರಿಗೆ ಬಂದವು. ಎರಡು ಭಾಷೆಗಳ ಜನರೂ ದೊಡ್ಡ ಸಂಖ್ಯೆಯಲ್ಲಿದ್ದ ಬಳ್ಳಾರಿ ತಾಲ್ಲೂಕೇ ವಿವಾದದ ಕೇಂದ್ರವಾಯಿತು. ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ವಿಚಾರಣೆಯ ನಂತರ ಅದೂ ಮೈಸೂರಿಗೆ ಸೇರಿತು. ಈ ವಿಲೀನದ ಸಂಭ್ರಮದ ಹೊತ್ತಿನಲ್ಲೇ ಬಳ್ಳಾರಿಯ ಪೈಲ್ವಾನ್ ರಂಜಾನ್ ಸಾಬ್ ದಾಳಿಗೆ ಬಲಿಯಾದರು. ಏಕೀಕರಣಕ್ಕಾಗಿ ಪ್ರಾಣ ತೆತ್ತವರ ಸಾಲಿನಲ್ಲಿ ಅವರ ಹೆಸರನ್ನು ಇಂದಿಗೂ ಗೌರವದಿಂದ ನೆನೆಯಲಾಗುತ್ತದೆ.

ಈ ಹಂಚಿಕೆ ಜಾರಿಗೆ ಬಂದ 1953ರ ಅಕ್ಟೋಬರ್ 1ರ ಒಂದೇ ದಿನದಲ್ಲಿ ಮೊಳಕಾಲ್ಮೂರಿನ ಪಾಲಿಗೆ ಎರಡು ಸಂಗತಿ ನಡೆದವು. ಉತ್ತರ ಮತ್ತು ಪಶ್ಚಿಮದ ಗಡಿ ಅಳಿಸಿಹೋಯಿತು; ಪೂರ್ವದ ಗಡಿ ಗಟ್ಟಿಯಾಯಿತು. ಕೂಗಳತೆಯ ರಾಯದುರ್ಗ ಆಂಧ್ರದ ಅನಂತಪುರ ಜಿಲ್ಲೆಗೆ ಸೇರಿತು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ತುಂಗಭದ್ರಾ ಯೋಜನೆಯ ಕಾರಣ ಮುಂದಿಟ್ಟು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದಿತು. ಆ ಶಿಫಾರಸು ಜಾರಿಗೆ ಬಂದಿದ್ದರೆ ರಾಂಪುರದ ಕಡೆಯ ಹಳ್ಳಿಗಳು ಮತ್ತೊಮ್ಮೆ ಗಡಿಯ ಹಳ್ಳಿಗಳಾಗುತ್ತಿದ್ದವು. ಕನ್ನಡಿಗರ ತೀವ್ರ ವಿರೋಧ ಎದುರಾಯಿತು, ಕೇಂದ್ರ ಆ ಶಿಫಾರಸನ್ನು ಒಪ್ಪಲಿಲ್ಲ. ಏಕೀಕರಣದ ಸಾಮಾನ್ಯ ಕಥನಗಳಲ್ಲಿ ಈ ಪ್ರಸಂಗಕ್ಕೆ ಸಿಕ್ಕಿರುವ ಜಾಗ ಅದರ ಮಹತ್ವಕ್ಕೆ ಹೋಲಿಸಿದರೆ ತೀರ ಕಡಿಮೆ.

1956 ಮತ್ತು 1973

1956ರ ನವೆಂಬರ್ 1ರಂದು ಮುಂಬಯಿ ಕರ್ನಾಟಕದ ನಾಲ್ಕು ಜಿಲ್ಲೆಗಳು, ಹೈದರಾಬಾದಿನ ಮೂರು ಜಿಲ್ಲೆಗಳ ಕನ್ನಡ ಪ್ರದೇಶ, ಕಾಸರಗೋಡು ಬಿಟ್ಟು ದಕ್ಷಿಣ ಕನ್ನಡ, ಕೊಳ್ಳೇಗಾಲ ಹಾಗೂ ಕೊಡಗು ಮೈಸೂರಿನೊಡನೆ ಒಂದಾದವು. ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ ಚಿತ್ರದುರ್ಗದಲ್ಲಿ ವಕೀಲಿ ಮಾಡಿ ಬೆಳೆದವರು. ಹುಟ್ಟಿದ ಹಲುವಾಗಲು ಅಂದಿನ ಬಳ್ಳಾರಿ ಜಿಲ್ಲೆಯದು. ಗೆರೆಯ ಎರಡೂ ಬದಿಯನ್ನು ಬಲ್ಲ ನಾಯಕನಿಗೆ ಆ ಹೊಣೆ ಬಂದದ್ದನ್ನು ಈ ಸೀಮೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 1973ರ ನವೆಂಬರ್ 1ರಂದು, ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಅದರ ಐವತ್ತನೆಯ ವರ್ಷವನ್ನು 2023ರಿಂದ ‘ಕರ್ನಾಟಕ ಸಂಭ್ರಮ–50’ ಎಂದು ಆಚರಿಸಲಾಯಿತು.

ಆಚರಣೆ

ತಾಲ್ಲೂಕು ಕೇಂದ್ರಗಳಲ್ಲಿ ರಾಷ್ಟ್ರಧ್ವಜಾರೋಹಣ, ಭುವನೇಶ್ವರಿಯ ಭಾವಚಿತ್ರದ ಮೆರವಣಿಗೆ, ಶಾಲಾ ಮಕ್ಕಳ ಕವಾಯತು, ಸಾಧಕರಿಗೆ ಸನ್ಮಾನ ಇವು ಸಾಮಾನ್ಯ ಕ್ರಮ. ಎಲ್ಲೆಡೆ ಹಾರುವ ಹಳದಿ–ಕೆಂಪು ಬಾವುಟವನ್ನು 1960ರ ದಶಕದಲ್ಲಿ ಬಳಕೆಗೆ ತಂದವರು ಕನ್ನಡ ಚಳವಳಿಯ ಮ. ರಾಮಮೂರ್ತಿ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರಿಂದ ಅಧಿಕೃತ ನಾಡಗೀತೆ. ಹಳ್ಳಿಗಳಲ್ಲಿ ಹಬ್ಬದ ಕೇಂದ್ರ ಶಾಲೆಯ ಅಂಗಳ. ಶೇಂಗಾ ಕಿತ್ತು ಒಣಗಿಸುವ ಹಂಗಾಮು ಇದೇ ದಿನಗಳಲ್ಲಿ ಬರುವುದರಿಂದ ದೊಡ್ಡವರು ಹೊಲದಲ್ಲಿರುತ್ತಾರೆ. ಹಳ್ಳಿಯ ರಾಜ್ಯೋತ್ಸವ ಹೆಚ್ಚಾಗಿ ಮಕ್ಕಳು ಮತ್ತು ಮೇಷ್ಟ್ರುಗಳ ಹಬ್ಬ.

ಕೊಂಡಾಡುವ ಪರಂಪರೆ

ಈ ಸೀಮೆಯ ಮೆರವಣಿಗೆಗಳಿಗೆ ಹೊರಗಿನಿಂದ ಸ್ತಬ್ಧಚಿತ್ರ ತರುವ ಅಗತ್ಯವಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ ಈ ಮೂರೂ ಕಡೆ ಅಶೋಕನ ಕಿರು ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ಬ್ರಾಹ್ಮಿಯಲ್ಲಿ ಕೊರೆದ ಬರಹದ ಕೊನೆಗೆ ಚಪಡ ಎಂಬ ಲಿಪಿಕಾರ ತನ್ನ ಹೆಸರು ಹೇಳಿಕೊಂಡು, ತನ್ನ ಕಸುಬಿನ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ವಾಯವ್ಯ ಭಾರತದ ಆ ಲಿಪಿ ಬಲ್ಲ ಬರಹಗಾರನೊಬ್ಬ ಈ ಬಂಡೆಗಳವರೆಗೆ ಬಂದಿದ್ದನೆಂಬುದೇ ದೊಡ್ಡ ಸಂಗತಿ. ಶಾಸನದಲ್ಲಿ ಬರುವ ಇಸಿಲ ಎಂಬ ಊರು ಬ್ರಹ್ಮಗಿರಿಯ ಬುಡದಲ್ಲೇ ಇತ್ತೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಇಲ್ಲಿ ಉತ್ಖನನ ಆರಂಭಿಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನ ನಯಗೊಳಿಸಿದ ಕಲ್ಲುಕೊಡಲಿಯ ಜನ, ಬೃಹತ್ ಶಿಲಾಸಮಾಧಿಯ ಜನ, ಆನಂತರದ ಶಾತವಾಹನ ಕಾಲ ಎಂಬ ಕ್ರಮವನ್ನು ಪದರ ಪದರವಾಗಿ ತೋರಿಸಿತು. ದಕ್ಷಿಣ ಭಾರತದ ಪ್ರಾಗಿತಿಹಾಸದ ಕಾಲಾನುಕ್ರಮಕ್ಕೆ ಅದು ಬುನಾದಿಯಾಯಿತು.

ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಒಡಲಿಗೊಂದು ಬಣ್ಣ, ಅಂಚಿಗೆ ಅದಕ್ಕೆ ಎದುರಾದ ಬಣ್ಣ ಇದರ ಲಕ್ಷಣ. ಅದಕ್ಕಾಗಿ ಕುಣಿಮಗ್ಗದಲ್ಲಿ ಮೂರು ಲಾಳಿ ಓಡಬೇಕು: ಒಡಲಿಗೆ ಒಂದು, ಎರಡು ಅಂಚಿಗೆ ಎರಡು. ಒಡಲಿನ ಹೊಕ್ಕೂ ಅಂಚಿನ ಹೊಕ್ಕೂ ಸೇರುವಲ್ಲಿ ಎಳೆಗೆ ಎಳೆ ಕೊಂಡಿ ಹಾಕಿಕೊಳ್ಳುತ್ತ ಹೋಗುತ್ತದೆ. ನೇಕಾರನ ಜೊತೆ ಇನ್ನೊಬ್ಬರು ಕೂರದೆ ಈ ಕೆಲಸ ಸುಲಭವಾಗಿ ಸಾಗದು. ಯಂತ್ರಮಗ್ಗದ ಅಗ್ಗದ ನಕಲಿನೆದುರು ಇದು ಸೊರಗಲು ಈ ದುಡಿಮೆಯ ವೆಚ್ಚವೂ ಒಂದು ಕಾರಣ.

ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ಕಿಲಾರಿಗಳು ಕಾಯುತ್ತಾರೆ. ಬರ ಬಂದಾಗ ಅವುಗಳಿಗೆ ಮೇವು ಹೊಂದಿಸುವುದು ಇಡೀ ಸಮುದಾಯದ ಹೊಣೆ. ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆ, ಗೌರಸಮುದ್ರದ ಮಾರಮ್ಮನ ಜಾತ್ರೆ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ರಥೋತ್ಸವ ಪ್ರಸಿದ್ಧ. ಮಾರಮ್ಮನಿಗೆ ಈರುಳ್ಳಿ ತೂರಿ ಹರಕೆ ಒಪ್ಪಿಸಲು ಆಂಧ್ರದ ಭಕ್ತರೂ ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ. ಹಲವು ಮನೆಗಳ ಮಾತು ತೆಲುಗು, ಶಾಲೆ ಮತ್ತು ಸಂತೆಯ ಮಾತು ಕನ್ನಡ. ಇಲ್ಲಿನ ಕನ್ನಡ ಸಂಸ್ಕೃತಿಯನ್ನು ಈ ಎರಡು ಭಾಷೆಯ ಬದುಕಿನಿಂದ ಬಿಡಿಸಿ ನೋಡಲಾಗದು.

ಬರಹದಲ್ಲಿ ಚಳ್ಳಕೆರೆ ತಾಲ್ಲೂಕಿನ ತಳುಕು ಮತ್ತು ಬೆಳಗೆರೆ ಮುಖ್ಯ. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಅರ್ಪಿಸಿದ ಗುರು ಟಿ.ಎಸ್. ವೆಂಕಣ್ಣಯ್ಯ, ಅವರ ತಮ್ಮ ತ.ಸು. ಶಾಮರಾಯ, ‘ದುರ್ಗಾಸ್ತಮಾನ’ದ ತ.ರಾ.ಸು. ತಳುಕಿನ ಮನೆತನದವರು. ಬೆಳಗೆರೆಯಿಂದ ಕವಯಿತ್ರಿ ಜಾನಕಮ್ಮ, ಕೃಷ್ಣಶಾಸ್ತ್ರಿ ಬಂದರು. ಅಕ್ಷರ ಕಲಿಯದೆ ಸಾವಿರಾರು ಪದ ನೆನಪಿಟ್ಟಿದ್ದ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ನೀಡಿತು.