ಹೈದರಾಬಾದು ಸಂಸ್ಥಾನ: ದಂಡಿನಿಂದ ಆಡಳಿತಕ್ಕೆ

೧೯೪೮ರ ಸೆಪ್ಟೆಂಬರ್ ೧೩ರಂದು ಭಾರತದ ಸೇನೆ ಹೈದರಾಬಾದು ಸಂಸ್ಥಾನದ ಗಡಿಯನ್ನು ದಾಟಿತು. ೧೭ನೆಯ ತಾರೀಖು ನಿಜಾಮರು ಕದನವಿರಾಮವನ್ನು ಸಾರಿದರು. ಲಾಯಕ್ ಅಲಿಯವರ ಮಂತ್ರಿಮಂಡಲ ಉರುಳಿತು. ಕಾಸಿಂ ರಜ್ವಿಯ ರಜಾಕಾರ ಪಡೆ ಚದುರಿತು. ಹಾವಳಿಯನ್ನಡಗಿಸಿ ಶಾಂತಿಯನ್ನು ನೆಲೆಗೊಳಿಸುವುದಷ್ಟೇ ಹೇಳಿಕೊಂಡಿದ್ದ ಉದ್ದೇಶ. 'ಪೋಲೀಸು ಕಾರ್ಯಾಚರಣೆ' ಎಂದು ಹೆಸರಿಟ್ಟುದರಲ್ಲಿಯೇ ಆ ಮಿತಿ ವ್ಯಕ್ತವಾಗಿದೆ.

ಆದರೆ ಬಿದ್ದ ಸರಕಾರದ ಸ್ಥಾನದಲ್ಲಿ ಕೂರಿಸಲು ಸಿದ್ಧವಾದ ಇನ್ನೊಂದು ಸರಕಾರವಿರಲಿಲ್ಲ. ಸ್ಟೇಟ್ ಕಾಂಗ್ರೆಸ್ಸು ಒಳಬಣಗಳಿಂದ ಒಡೆದಿತ್ತು. ತೆಲಂಗಾಣದ ಹಳ್ಳಿಗಳಲ್ಲಿ ಕಮ್ಯೂನಿಸ್ಟರ ಸಶಸ್ತ್ರ ಹೋರಾಟ ನಡೆದಿತ್ತು. ಹೀಗಾಗಿ ಮೇಜರ್ ಜನರಲ್ ಜೆ. ಎನ್. ಚೌಧುರಿಯವರು ಸೈನಿಕ ರಾಜ್ಯಪಾಲರಾಗಿ ನಿಂತರು. ೧೯೪೯ರ ಆಗಸ್ಟಿನಲ್ಲಿ ಜಹಗೀರುಗಳನ್ನು ರದ್ದುಗೊಳಿಸಲಾಯಿತು. ೧೯೫೦ರಲ್ಲಿ ಗೇಣಿದಾರರ ಕಾಯಿದೆ ಬಂದಿತು. ಕಂದಾಯವೆತ್ತುವವರನ್ನೇ ಬದಲಿಸಿದ ಮೇಲೆ ದಂಡು ಬಂದ ದಾರಿಯಲ್ಲಿ ಸುಮ್ಮನೆ ಹಿಂದಿರುಗುವಂತಿರಲಿಲ್ಲ.

ಬ್ಯಾಂಕಿನ ಕೆಲಸದವನಾದ ನನಗೆ ನಾಣ್ಯದ ಸಂಗತಿ ವಿಶೇಷವಾಗಿ ತೋರುತ್ತದೆ. ಗಡಿ ಐದು ದಿನಗಳಲ್ಲಿ ಅಳಿಯಿತು, ಹಾಲಿ ಸಿಕ್ಕಾ ಅಳಿಯಲಿಲ್ಲ. ಏಳು ಸಿಕ್ಕಾ ರೂಪಾಯಿಗೆ ಆರು ಭಾರತೀಯ ರೂಪಾಯಿ ಎಂಬ ಲೆಕ್ಕ ತರುವಾಯವೂ ವರ್ಷಗಟ್ಟಲೆ ನಡೆಯಿತು. ರಾಯಚೂರಿನ ವರ್ತಕನು ಬಳ್ಳಾರಿಯೊಡನೆ ವ್ಯವಹರಿಸುವಾಗಲೆಲ್ಲ ಈ ಗುಣಾಕಾರ ಮಾಡಲೇಬೇಕು! ಆ ನಾಣ್ಯದ ನಿರ್ವಹಣೆಯನ್ನು ಹೊತ್ತಿದ್ದ, ೧೯೪೧ರಲ್ಲಿ ಹುಟ್ಟಿದ ಹೈದರಾಬಾದ್ ಸ್ಟೇಟ್ ಬ್ಯಾಂಕು ರಿಸರ್ವ್ ಬ್ಯಾಂಕಿನ ಅಧೀನಕ್ಕೆ ಬಂದದ್ದು ೧೯೫೬ರಲ್ಲಿ.

ಮದರಾಸು, ಮುಂಬಯಿ, ಮಧ್ಯಪ್ರಾಂತಗಳಿಂದ ಅಧಿಕಾರಿಗಳು ಬಂದರು. ಆಡಳಿತಕ್ಕೆ ಅವರು ಅನಿವಾರ್ಯರಾಗಿದ್ದಿರಬಹುದು, ಸ್ಥಳೀಯರಿಗೆ ಪರಕೀಯರಾದರು. ೧೯೫೨ರ ಮುಲ್ಕಿ ಚಳವಳಿಯ ಬೇರು ಇಲ್ಲಿದೆ.

ಈ ವೃತ್ತಾಂತಕ್ಕೆ ಕತ್ತಲೆಯ ಮುಖವೂ ಉಂಟು. ಕಾರ್ಯಾಚರಣೆಯ ವೇಳೆಗೂ ಅನಂತರವೂ ನಡೆದ ಹಿಂಸೆಯಲ್ಲಿ ೨೭,೦೦೦ದಿಂದ ೪೦,೦೦೦ ಜನ ಮಡಿದಿರಬಹುದೆಂದು ಪಂಡಿತ ಸುಂದರಲಾಲರ ಸಮಿತಿ ಅಂದಾಜಿಸಿತು. ಮಡಿದವರಲ್ಲಿ ಬಹುಮಂದಿ ಮುಸಲ್ಮಾನರು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗಾ, ಬೀದರಗಳೂ ಸೇರಿವೆ. ನೆಹರೂ ಸರಕಾರವೇ ನೇಮಿಸಿದ ಸಮಿತಿಯ ಈ ವರದಿ ೨೦೧೩ರವರೆಗೆ ಸಾರ್ವಜನಿಕರಿಗೆ ದೊರೆಯಲಿಲ್ಲ. ರಜಾಕಾರರ ಕ್ರೌರ್ಯವನ್ನು ವಿಸ್ತಾರವಾಗಿ ಬಣ್ಣಿಸುವ ನಮ್ಮ ಲೇಖಕರು ಈ ಪುಟವನ್ನು ಮಗುಚಿಬಿಡುವುದು ನ್ಯಾಯವಲ್ಲ. ಸುವ್ಯವಸ್ಥೆಗೆಂದು ಬಂದ ಸೇನೆಯ ಕಣ್ಣೆದುರಿಗೇ ಅದು ಕೆಟ್ಟಿತೆಂಬುದನ್ನು ಮರೆತರೆ, ಹೊಸ ಆಡಳಿತವನ್ನು ಒಂದು ಪಾಲು ಜನ ಅಂಜಿಕೆಯಿಂದಲೇ ಕಂಡುದು ಅರ್ಥವಾಗದು.

೧೯೫೦ರ ಜನವರಿಯಲ್ಲಿ ವೆಲ್ಲೋಡಿಯವರು ಮುಖ್ಯಮಂತ್ರಿಗಳಾದರು, ನಿಜಾಮರು ರಾಜಪ್ರಮುಖರಾದರು. ಜನರು ಆರಿಸಿದ ಬೂರ್ಗುಲ ರಾಮಕೃಷ್ಣರಾಯರ ಮಂತ್ರಿಮಂಡಲ ಬಂದದ್ದು ೧೯೫೨ರಲ್ಲಿ. ೧೯೫೬ರ ನವೆಂಬರ್ ೧ರಂದು ಗುಲ್ಬರ್ಗಾ, ರಾಯಚೂರುಗಳೂ ಬೀದರದ ಕನ್ನಡ ಭಾಗವೂ ಮೈಸೂರನ್ನು ಸೇರಿದುವು. ರಾಜಪ್ರಮುಖರ ಪದವಿಯೂ ಅಂದೇ ರದ್ದಾಯಿತು.