ಕೇಳಿದ್ದು, ಕೊಟ್ಟದ್ದು, ಬರೆದದ್ದು

ವ್ಯಾಪಾರದ ಚರಿತ್ರೆಯೆಂದರೆ ನಮ್ಮ ಮನಸ್ಸಿಗೆ ಮೊದಲು ಬರುವುದು ಹಡಗು, ಒಂಟೆಯ ಸಾಲು, ಬಂಗಾರದ ನಾಣ್ಯ. ಲೆಕ್ಕದ ಚೀಟಿ ಯಾರ ನೆನಪಿಗೂ ಬಾರದು. ಆದರೆ ಹಡಗು ಮುಳುಗಿಹೋಯಿತು, ಒಂಟೆ ಸತ್ತಿತು, ನಾಣ್ಯ ಕರಗಿ ಯಾರದೋ ಒಡವೆಯಾಯಿತು. ಎಷ್ಟೋ ಸಲ ನಮ್ಮವರೆಗೆ ಉಳಿದು ಬಂದಿರುವುದು ಆ ಚೀಟಿಯೇ. ಇಂದು ಅದರ ವಿಚಾರವಾಗಿ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಯಾವ ವ್ಯಾಪಾರಕ್ಕೂ ಮೂರು ಗಳಿಗೆಗಳುಂಟು. ಇಂಥ ಸರಕು ಇಷ್ಟು ಬೇಕೆಂದು ಕೊಳ್ಳುವವನು ಹೇಳಿಕಳಿಸುವುದು ಒಂದು. ಸರಕು ಅವನ ಕೈಸೇರುವುದು ಎರಡು. ಇಷ್ಟು ಹಣ ಬರಬೇಕೆಂದು ಮಾರಿದವನು ಬಿಲ್ಲು ಬರೆಯುವುದು ಮೂರು. ಸಂತೆಯಲ್ಲಿ ಸೊಪ್ಪಿನ ಕಟ್ಟು ಕೊಳ್ಳುವಾಗ ಈ ಮೂರೂ ಒಂದೇ ಉಸಿರಿನಲ್ಲಿ ಮುಗಿಯುತ್ತವೆ. ಅಲ್ಲಿ ಲೆಕ್ಕದ ಪುಸ್ತಕ ಬೇಕಿಲ್ಲ. ದಾರಿ ದೂರವಾದಂತೆ, ಸಾಲ ಬೆಳೆದಂತೆ ಈ ಗಳಿಗೆಗಳು ಒಂದರಿಂದೊಂದು ಅಗಲುತ್ತವೆ. ಕೇಳಿದ್ದರಲ್ಲಿ ಅರ್ಧ ಮಾತ್ರ ಹೋಗಿರುತ್ತದೆ, ಹೋದದ್ದಕ್ಕೆ ಬಿಲ್ಲಾಗಿರುವುದಿಲ್ಲ, ಬಿಲ್ಲಾದದ್ದು ಇನ್ನೂ ಗೋದಾಮಿನಲ್ಲೇ ಇರುತ್ತದೆ. ಈ ನಡುವಣ ತೆರಪಿನಲ್ಲಿಯೇ ಜಗಳ ಹುಟ್ಟುವುದು. ಆ ತೆರಪನ್ನು ಕಾಯಲೆಂದೇ ಮನುಷ್ಯ ಬರೆಯಲು ಕಲಿತನೋ ಏನೋ.

ಇದು ಬರಿಯ ಚಮತ್ಕಾರದ ಮಾತಲ್ಲ. ಕ್ರಿ.ಪೂ. 4ನೆಯ ಸಹಸ್ರಮಾನದಲ್ಲಿ ಮೆಸೊಪೊಟೇಮಿಯದ ಉರುಕ್, ಅದರ ನೆರೆಯ ಸೂಸಾ ಮೊದಲಾದ ಕಡೆ ಟೊಳ್ಳಾದ ಮಣ್ಣಿನ ಉಂಡೆಗಳನ್ನು ಮಾಡುತ್ತಿದ್ದರು. ಒಳಗೆ ಎಣಿಕೆಗೆಂದು ಸಣ್ಣ ಮಣ್ಣಿನ ಬಿಲ್ಲೆಗಳು, ಹೊರಗೆ ಮುದ್ರೆ. ಸರಕಿನ ಜೊತೆಯಲ್ಲಿ ಉಂಡೆಯೂ ಹೋಗಿ, ಅನುಮಾನ ಬಂದರೆ ಅದನ್ನು ಒಡೆದು ಎಣಿಸಿ ನೋಡುತ್ತಿದ್ದಿರಬೇಕೆಂದು ವಿದ್ವಾಂಸರ ಊಹೆ. ಬರವಣಿಗೆಯ ಮೂಲವನ್ನು ಇಂಥ ಬಿಲ್ಲೆಗಳಲ್ಲಿ ಹುಡುಕಿದವರೂ ಉಂಟು. ಮುಂದೆ ಸುಮಾರು ಕ್ರಿ.ಪೂ. 1750ರ ವೇಳೆಗೆ ಉರ್ ನಗರದ ಈಯಾ-ನಾಸಿರ್ ಎಂಬ ತಾಮ್ರದ ವರ್ತಕನಿಗೆ ನನ್ನಿ ಎಂಬ ಗಿರಾಕಿ ಬರೆದ ಮಣ್ಣಿನ ಪತ್ರವೊಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಒಳ್ಳೆಯ ತಾಮ್ರ ಕೊಡುತ್ತೇನೆಂದು ಹೇಳಿ ಕೆಟ್ಟ ಗಟ್ಟಿಗಳನ್ನು ತೋರಿಸಿದೆ, ನನ್ನ ಆಳನ್ನು ಬರಿಗೈಯಲ್ಲಿ ಅವಮಾನಪಡಿಸಿ ಕಳಿಸಿದೆ ಎಂಬುದು ಅವನ ದೂರು. ಕೇಳಿದ್ದಕ್ಕೂ ಕೊಟ್ಟದ್ದಕ್ಕೂ ತಾಳೆಯಿಲ್ಲದ ಆ ಸಿಟ್ಟು ಸುಮಾರು ಮೂರೂಮುಕ್ಕಾಲು ಸಾವಿರ ವರ್ಷ ಕಳೆದರೂ ಆರಿಲ್ಲ.

ನಮ್ಮ ನಾಡಿಗೇ ಸೇರಿದ ಇಂಥದೊಂದು ಕಥೆ ಇದೆ. ಅದು ದೊರಕಿದ್ದು ಮಾತ್ರ ದೂರದ ಕೈರೋ ನಗರದಲ್ಲಿ. ಅಲ್ಲಿಯ ಒಂದು ಹಳೆಯ ಯಹೂದಿ ದೇವಾಲಯದ ಕೋಣೆಯಲ್ಲಿ, ದೇವರ ಹೆಸರಿರಬಹುದಾದ ಯಾವ ಕಾಗದವನ್ನೂ ನಾಶಮಾಡಬಾರದೆಂದು, ಶತಮಾನಗಳ ಕಾಲ ಕಾಗದಗಳನ್ನು ತುಂಬಿಟ್ಟಿದ್ದರು. 1896-97ರಲ್ಲಿ ಅವುಗಳಲ್ಲಿ ಬಹುಪಾಲು ಕೇಂಬ್ರಿಜ್ಜಿಗೆ ಹೋದವು. ಆ ರಾಶಿಯಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಪತ್ರಗಳನ್ನು ಎಸ್. ಡಿ. ಗೊಯ್ಟೈನ್ ಎಂಬ ವಿದ್ವಾಂಸರು ಹೆಕ್ಕಿ ತೆಗೆದರು. ಬೆನ್ ಯಿಜು ಟ್ಯುನೀಸಿಯದವನು; 1132ರಲ್ಲಿ ಮಂಗಳೂರಿನಲ್ಲಿದ್ದನೆಂಬುದಕ್ಕೆ ಬರೆದ ದಾಖಲೆಯುಂಟು; 1149ರವರೆಗಿನ ಬಹುಪಾಲು ವರ್ಷಗಳನ್ನು ಅವನು ನಮ್ಮ ಕರಾವಳಿಯಲ್ಲಿ ಕಳೆದ. ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಏಡನ್ನಿಗೆ ಹೋಗುತ್ತಿದ್ದವು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಚಾಪೆ, ಬರೆಯುವ ಕಾಗದ ಬರುತ್ತಿದ್ದವು. ಅವನ ಆಳು ಒಬ್ಬನ ಹೆಸರು, ಸ್ವರಗಳಿಲ್ಲದೆ ಬರೆದ ಹೀಬ್ರೂ ಅಕ್ಷರಗಳಲ್ಲಿ, ಬಹುಕಾಲ ಒಗಟಾಗಿತ್ತು. ಅದು ನಮ್ಮ ‘ಬೊಮ್ಮ’ನೇ ಇರಬೇಕೆಂದು ಅಮಿತಾವ್ ಘೋಷರು ತಿಳಿದುಕೊಂಡದ್ದು ತುಳುನಾಡಿನ ವಿದ್ವಾಂಸರಾದ ವಿವೇಕ ರೈಯವರಿಂದ.

ಮಂಗಳೂರಿನಲ್ಲಿ ಬೆನ್ ಯಿಜುವಿಗೆ ಕಂಚಿನ ಪಾತ್ರೆಗಳ ಕಾರ್ಯಾಗಾರವಿತ್ತು. ಏಡನ್ನಿನ ಮಿತ್ರರು ಒಡೆದ ಹಳೆಯ ಪಾತ್ರೆಗಳನ್ನು ತೂಗಿ ಕಳಿಸಿ, ಇಂಥ ಆಕಾರದ್ದು, ಇಷ್ಟು ತೂಕದ್ದು ಮಾಡಿಸಿಕೊಡು ಎಂದು ಬರೆಯುತ್ತಿದ್ದರು. ಇಂದಿನ ಯಾವ ಆರ್ಡರಿಗೂ ಅದು ಕಡಮೆಯದಲ್ಲ. ಸರಕು ಯಾವ ಹಡಗಿನಲ್ಲಿ, ಯಾರ ಕೈಯಲ್ಲಿ ಬರುತ್ತಿದೆ ಎಂಬುದನ್ನೂ ಕಾಗದ ಹೇಳುತ್ತಿತ್ತು. ಒಮ್ಮೆ ಹಡಗು ಮುಳುಗಿ ಮೆಣಸೆಲ್ಲ ನೀರುಪಾಲಾಯಿತು. ಮುಳುಗುಗಾರರು ಇಳಿದು ಕಬ್ಬಿಣದ ಒಂದು ಪಾಲನ್ನು ಮೇಲೆತ್ತಿದರು. ಆ ದುಃಖದ ಸುದ್ದಿಯನ್ನು ತಿಳಿಸುವ ಪತ್ರವೂ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಮರೆಯುವುದಿಲ್ಲ.

ಎಲ್ಲಕ್ಕಿಂತ ಮನಸ್ಸಿಗೆ ಹತ್ತುವುದು ಏಲಕ್ಕಿಯ ಪ್ರಸಂಗ. ಏಡನ್ನಿನ ಮಿತ್ರರಿಗಾಗಿ ಏಲಕ್ಕಿ ಕೊಳ್ಳಲು ಬೆನ್ ಯಿಜು ಒಬ್ಬ ಸ್ಥಳೀಯನಿಗೆ ಮುಂಗಡ ಕೊಟ್ಟ. ಪತ್ರಗಳು ಅವನನ್ನು ‘ಕಾರ್ದಾರ್’ ಎಂದು ಕರೆಯುತ್ತವೆ. ಹಣ ಹೋಯಿತು, ಏಲಕ್ಕಿ ಬರಲಿಲ್ಲ. ನಷ್ಟ ಯಾರದು? ಮುಂಗಡ ಕೊಟ್ಟವನು ನೀನು, ಹೊಣೆಯೂ ನಿನ್ನದೇ ಎಂದು ಮಿತ್ರರು ವಾದಿಸಿದರು. ಅವರಲ್ಲೊಬ್ಬನಾದ ಖಲಾಫ್ ಒಂದು ಉಪಾಯವನ್ನೂ ಸೂಚಿಸಿದ: ಮಾತು ತಪ್ಪಿದವರನ್ನು ಏಡನ್ನಿನಲ್ಲಿ ಬಹಿರಂಗವಾಗಿ ಖಂಡಿಸುತ್ತೇವೆ, ಅಂಥ ಖಂಡನಪತ್ರವನ್ನು ಕಳಿಸುತ್ತೇವೆ ಎಂದು ಅವನನ್ನು ಹೆದರಿಸು ಎಂದು. ಕಡಲಾಚೆಯ ವರ್ತಕನಿಗೆ ಇಲ್ಲಿ ಪೋಲೀಸಿಲ್ಲ, ಕೋರ್ಟಿಲ್ಲ. ಇದ್ದ ಆಯುಧ ಮಾನವೊಂದೇ. ಲೆಕ್ಕದ ಹಿಂದೆ ಮಾನ ನಿಂತಿತ್ತು ಎಂಬುದನ್ನು ನಾವು ಮರೆಯಬಾರದು.

ಕರ್ನಾಟಕದ ಒಳನಾಡಿನ ವರ್ತಕರು ಬರೆಯುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಪದರಪದರವಾಗಿ ಮಡಿಸಿ, ಬಳಪದಿಂದ ಬಿಳಿಯಾಗಿ ಬರೆಯುತ್ತಿದ್ದರು. 1810ರಲ್ಲಿ ಪ್ರಕಟವಾದ ತನ್ನ ಇತಿಹಾಸಗ್ರಂಥದಲ್ಲಿ ಮಾರ್ಕ್ ವಿಲ್ಕ್ಸ್ ಇದನ್ನು ವರ್ಣಿಸಿದ್ದಾನೆ. ಇಂದು ಕಚೇರಿಗಳಲ್ಲಿ ನಾವು ಫೈಲಿಗೆ ಕಡತವೆನ್ನುತ್ತೇವೆ. ಆ ಮಾತಿನೊಳಗೆ ಅಂಗಡಿಯ ಕರಿಬಟ್ಟೆ ಇನ್ನೂ ಮಡಿಸಿಕೊಂಡು ಕುಳಿತಿದೆ. ಕಡತದ ಅಕ್ಷರವನ್ನು ಒರಸಬಹುದಾಗಿತ್ತು. ಒರಸಬಹುದಾದ ಬರಹವನ್ನು ನಂಬಬೇಕಾದರೆ ಬರೆದವನನ್ನು ನಂಬಬೇಕು. 1494ರಲ್ಲಿ ವೆನಿಸ್ಸಿನಲ್ಲಿ ಲೆಕ್ಕದ ಕ್ರಮವನ್ನು ಅಚ್ಚುಹಾಕಿಸಿದ ಲೂಕಾ ಪಾಚ್ಯೋಲಿ ವರ್ತಕನಿಗೆ ಮೂರು ಪುಸ್ತಕಗಳನ್ನು ವಿಧಿಸಿದ: ನಡೆದದ್ದನ್ನೆಲ್ಲ ಗೀಚುವ ನೆನಪಿನ ಪುಸ್ತಕ, ಅದರಿಂದ ಕಿರ್ದಿ, ಅದರಿಂದ ಖತಾವಣಿ. ಮೊದಲನೆಯದರಲ್ಲಿ ಬೀಳದ್ದು ಮುಂದಿನ ಎರಡರಲ್ಲೂ ಬೀಳಲಾರದು.

ಇದು ನನಗೆ ಚೆನ್ನಾಗಿ ಗೊತ್ತು. 1979ರಲ್ಲಿ ನಾನು ಎಂ.ಎ. ಓದುತ್ತಿದ್ದೆ. ನಮ್ಮ ತಂದೆಯವರದು ಕಾಗದ, ನೋಟುಪುಸ್ತಕಗಳ ಸಣ್ಣ ಅಂಗಡಿ. ರಜೆಯಲ್ಲಿ ಕಿರ್ದಿ ಬರೆಯುವುದು ನನ್ನ ಪಾಲು. ಒಂದು ಶಾಲೆ 50 ಡಜನ್ ನೋಟುಪುಸ್ತಕ ಹೇಳಿತ್ತು. 30 ಡಜನ್ ಕೊಟ್ಟು ಬಿಲ್ಲು ಮಾಡಿದೆವು. ಉಳಿದ 20 ಡಜನ್ನು ಆಮೇಲೆ ಕೈಗಾಡಿಯಲ್ಲಿ ಹೋಯಿತು. ವರ್ಷಾಂತ್ಯಕ್ಕೆ ಸರಕು ಎಣಿಸಿದಾಗ 20 ಡಜನ್ ಕಡಮೆ. ಬಿಲ್ಲೂ ಇಲ್ಲ, ಚೀಟಿಯೂ ಇಲ್ಲ. ಶಾಲೆಯವರು ತಮ್ಮಲ್ಲಿ ಲೆಕ್ಕವಿಲ್ಲವೆಂದರು. “ರುಜು ಹಾಕಿಸಿದ ಚೀಟೀನ ಚಿಕ್ಕ ಯಜಮಾನ್ರ ಕೈಗೇ ಕೊಟ್ಟೆ ಸ್ವಾಮಿ” ಎಂದ ಗಾಡಿಯಾತ. ನನಗೆ ನೆನಪಿಲ್ಲವೆಂದೆ, ನಿಜವಾಗಿಯೂ ನೆನಪಿರಲಿಲ್ಲ. ತಂದೆಯವರು ಅವನನ್ನು ಬೈಯಲಿಲ್ಲ, ಸುಮ್ಮನಾದರು. ಆ ಮೌನವೇ ಅವನಿಗೆ ಸಾಕಾಯಿತು. ಮರುವಾರದಿಂದ ಅವನು ಬರಲಿಲ್ಲ. ಎರಡು ವರ್ಷದ ಮೇಲೆ ನನ್ನ ಹಳಗನ್ನಡದ ಪುಸ್ತಕವೊಂದರ ನಡುವೆ, ಓದುವುದನ್ನು ನಿಲ್ಲಿಸಿದ ಕಡೆ ಗುರುತಿಗೆ ಇಟ್ಟಿದ್ದ ಆ ಚೀಟಿ ಸಿಕ್ಕಿತು, ರುಜು ಸಮೇತ. ತಂದೆಯವರು ಅವನ ಮನೆಯನ್ನು ಹುಡುಕಿಕೊಂಡು ಹೋದರು. ಆ ಸಂಸಾರ ಊರು ಬಿಟ್ಟಿತ್ತು.

ಈಗ ಆ ಅಂಗಡಿಯನ್ನು ನನ್ನ ತಮ್ಮನ ಮಗ ನಡೆಸುತ್ತಾನೆ. ಅವನ ಲೆಕ್ಕವೆಲ್ಲ ಟ್ಯಾಲಿಯಲ್ಲಿ. ಅದು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1986ರಲ್ಲಿ. ತನ್ನ ವ್ಯಾಪಾರಕ್ಕೆ ಒಗ್ಗುವ ಲೆಕ್ಕದ ತಂತ್ರಾಂಶ ಸಿಗದೆ ಶ್ಯಾಮಸುಂದರ ಗೋಯೆಂಕಾ ಎಂಬ ವರ್ತಕರು ಮಗ ಭರತರಿಂದ ಬರೆಯಿಸಿದ್ದು. ಮೊನ್ನೆ ಹುಡುಗ, “ನೋಡಿ ದೊಡ್ಡಪ್ಪ” ಎಂದು ಪರದೆಯ ಮೇಲೆ ಒಂದು ವರದಿ ತೋರಿಸಿದ. ಆರ್ಡರಿನಲ್ಲಿ ಎಷ್ಟು ಹೋಗಿದೆ, ಎಷ್ಟು ಬಾಕಿ ಎಂಬುದು ಒಂದು ಕಡೆ. ಇನ್ನೊಂದು ಕಡೆ ಎರಡು ಪಟ್ಟಿಗಳು: ಸರಕು ಹೋಗಿದೆ, ಬಿಲ್ಲಾಗಿಲ್ಲ, ಬಿಲ್ಲಾಗಿದೆ, ಸರಕು ಹೋಗಿಲ್ಲ. ಸರಕಿನ ಚೀಟಿಗೂ ಬಿಲ್ಲಿಗೂ ಒಂದೇ ಟ್ರ್ಯಾಕಿಂಗ್ ನಂಬರು ಕೊಟ್ಟು ಗಂಟು ಹಾಕುತ್ತಾರಂತೆ. ಜೋಡಿ ಸಿಗದ್ದು ಪಟ್ಟಿಯಲ್ಲಿ ಉಳಿಯುತ್ತದೆ. ರಸ್ತೆಯಲ್ಲಿ ಹೋಗುವ ಸರಕಿಗೂ ಈಗ ಸರ್ಕಾರದ ಕಣ್ಣುಂಟು. 2018ರ ಏಪ್ರಿಲ್ 1ರಿಂದ, ಸಾಮಾನ್ಯವಾಗಿ 50,000 ರೂಪಾಯಿ ಮೀರಿದ ಸರಕು ರಾಜ್ಯದ ಗಡಿ ದಾಟಬೇಕಾದರೆ ಇ-ವೇ ಬಿಲ್ಲು ಬೇಕು.

ಮೊದಲನೆಯ ಪಟ್ಟಿಯನ್ನು ನಾನು ಬಹಳ ಹೊತ್ತು ನೋಡಿದೆ. ಅಂದು ಅದು ಇದ್ದಿದ್ದರೆ 20 ಡಜನ್ ಪುಸ್ತಕ ಅದರಲ್ಲಿ ಕಾಣುತ್ತಿತ್ತು ಎಂದುಕೊಂಡೆ. ಆಮೇಲೆ ಹೊಳೆಯಿತು, ಕಾಣುತ್ತಿರಲಿಲ್ಲ. ಚೀಟಿಯನ್ನು ಪುಸ್ತಕದಲ್ಲಿಟ್ಟು ಮರೆತ ಹುಡುಗ ಅದನ್ನು ಯಂತ್ರಕ್ಕೂ ಹೇಳುತ್ತಿರಲಿಲ್ಲ. ಹೆಚ್ಚೆಂದರೆ ಆರ್ಡರಿನಲ್ಲಿ 20 ಡಜನ್ ಬಾಕಿಯೆಂದು ಅದು ತೋರಿಸುತ್ತಿತ್ತು, ನಾವು ಮತ್ತೆ ಗಾಡಿಯಾತನ ಮುಖವನ್ನೇ ನೋಡುತ್ತಿದ್ದೆವು.

ನಮ್ಮ ಹುಡುಗನಿಗೆ ನಾನು ಹೇಳಿದ್ದು ಇಷ್ಟೆ: ಸರಕು ಮುಟ್ಟಿಸಿ ಬಂದವನು ಚೀಟಿ ಕೊಟ್ಟೊಡನೆ, ಅವನು ಎದುರಿಗೆ ನಿಂತಿರುವಾಗಲೇ ಬರೆದುಕೊ. ಅವನು “ಹಾಗೇ ಮಾಡ್ತೇನೆ ದೊಡ್ಡಪ್ಪ” ಎಂದ. ಆ ಪುಸ್ತಕ ಇಂದಿಗೂ ನನ್ನ ಬಳಿ ಇದೆ. ಚೀಟಿಯೂ ಅದೇ ಪುಟದಲ್ಲಿದೆ.

(ಬಾನುಲಿ ಭಾಷಣ)